ಕೇಳಿದೆ, ಪರವಾಗಿಲ್ಲ ಅಂದರು

ಹಲೋ… ಹಾಂ, ಹೇಳಿ. ಯಾರು ಮಾತಾಡ್ತಿರೋದು?

… ಸ್ವಲ್ಪ ಜೋರಾಗಿ ಹೇಳ್ತೀರಾ? ಹೊರಗಡೆ ಜ್ವರದವರ ಸಾಲು ನಿಂತಿದೆ, ಎಲ್ಲರೂ ಒಟ್ಟಿಗೆ ಕೆಮ್ತಿದ್ದಾರೆ. ಇರಿ, ಕಿಟಕಿ ಹಾಕ್ತೀನಿ… ಈಗ ಹೇಳಿ.

… ಹೌದು, ಆಸ್ಪತ್ರೆನೇ. ಡಯಟ್ ಮೇಡಂ ಅಂದ್ರೆ ನಾನೇ. ಇಲ್ಲಿ ಎಲ್ಲರೂ ಹಾಗೇ ಕರೀತಾರೆ. ಮನೇಲಿ ನನ್ನ ಗಂಡನೂ ಸಿಟ್ಟು ಬಂದಾಗ ಹಾಗೇ ಕರೀತಾರೆ, ಬಿಡಿ. ಸಲಹೆ ಯಾರಿಗೆ ಬೇಕಿತ್ತು, ನಿಮಗಾ?

… ಬೆಣ್ಣೆಹಣ್ಣಾ. ಹಾಂ, ಈಗ ಎಲ್ಲರೂ ಅದನ್ನೇ ಕೇಳ್ತಾರೆ. ಸೆಕೆ ಹೋಗಿ ಚಳಿ ಬರೋ ಹೊತ್ತು ನೋಡಿ, ಮೈಗೆ ಒಂಥರಾ ಗೊಂದಲ. ಬೆಳಗ್ಗೆ ಮೂಗು ಕಟ್ಟುತ್ತೆ, ಮಧ್ಯಾಹ್ನ ಬೆವರು ಕಿತ್ಕೊಂಡು ಬರುತ್ತೆ, ರಾತ್ರಿ ತುಟಿ ಒಡೆಯುತ್ತೆ. ಆಗ ದಿನಾ ಅರ್ಧ ಹಣ್ಣು ಒಳ್ಳೇದೇ. ಒಳ್ಳೇ ಕೊಬ್ಬಿರುತ್ತೆ, ನಾರಿರುತ್ತೆ, ಹೊಟ್ಟೆಗೂ ಹಿತ. ಹಾಗಂತ ಹಣ್ಣು ತಿಂದ್ರೆ ಜ್ವರಾನೇ ಬರಲ್ಲ ಅಂತ ಅಂದ್ಕೋಬೇಡಿ. ನಿದ್ದೆ ಬೇಕು, ಬಿಸಿನೀರು ಬೇಕು, ಸಂಜೆ ಗಾಳಿಗೆ ಹೋಗೋವಾಗ ಕಿವಿ ಮುಚ್ಚೋ ಹಾಗೆ ಏನಾದ್ರೂ ಕಟ್ಕೋಬೇಕು.

… ಹಣ್ಣಾಗಿದೆಯಾ ಅಂತ ತಿಳಿಯೋಕೆ ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ರೆ ಪೇಪರಲ್ಲಿ ಸುತ್ತಿ… ಓ, ಅದೆಲ್ಲ ಗೊತ್ತಾ ನಿಮಗೆ? ಮತ್ತೆ ಏನು ಕೇಳ್ಬೇಕಿತ್ತು?

… ಯಾರು ತಿನ್ನಬಾರದು ಅಂತ.

… ಕಿಡ್ನಿ ತೊಂದರೆ ಇರೋರು ತಿನ್ನಬಾರದು ಸರ್. ಅದರಲ್ಲೂ ಡಯಾಲಿಸಿಸ್ ಮಾಡಿಸ್ಕೊಳ್ಳೋರು. ಅದರಲ್ಲಿ ಪೊಟ್ಯಾಸಿಯಂ ಅಂತ ಒಂದು ಅಂಶ ಜಾಸ್ತಿ. ನಮ್ಮ ನಿಮ್ಮ ಕಿಡ್ನಿ ಅದನ್ನ ಹೊರಗೆ ಹಾಕುತ್ತೆ. ಅವರದ್ದು ಹಾಕಲ್ಲ. ರಕ್ತದಲ್ಲಿ ಏರ್ತಾ ಏರ್ತಾ ಎದೆಬಡಿತಕ್ಕೇ ಕೈ ಹಾಕುತ್ತೆ. ನಾವು ಹಂಚೋ ಬೆಣ್ಣೆಹಣ್ಣಿನ ಚೀಟೀಲೇ ಬರೆದಿದೆಯಲ್ಲ ಸರ್, ಕೊನೇ ಸಾಲಲ್ಲಿ, ದಪ್ಪ ಅಕ್ಷರದಲ್ಲಿ.

… ಇಲ್ವಾ? ಯಾವ ಬಣ್ಣದ ಚೀಟಿ ನಿಮ್ಮ ಹತ್ತಿರ ಇರೋದು?

… ಹಸಿರು. ಹಾಂ… ಅದು ಹೋದ ವರ್ಷದ್ದು. ಲೈಬ್ರರೀಲಿ ಒಂದು ಭಾಷಣ ಮಾಡಿದ್ದೆ, ಋತು ಬದಲಾದಾಗ ಆರೋಗ್ಯ ನೋಡ್ಕೊಳ್ಳೋದು ಹೇಗೆ ಅಂತ. ಅವತ್ತು ಹಂಚಿದ್ದು. ಈಗಿನದು ಹಳದಿ. ಅದರಲ್ಲಿ ಆ ಸಾಲು ಇದೆ.

… ಯಾವಾಗ ಸೇರಿಸಿದ್ದು ಅಂದ್ರೆ… ಭಾಷಣ ಆದ ಮೇಲೆ.

… ಒಂದು ವಾರ ಆಗಿತ್ತೇನೋ. ಯಾಕೆ ಕೇಳ್ತಿದ್ದೀರಿ?

… ಒಂದು ನಿಮಿಷ. ನಿಮ್ಮ ಕಡೆ ಅದೇನು ಸದ್ದು, ಟಕಟಕ ಅಂತ? ಹೊಲಿಗೆ ಮಷಿನ್ನಾ? … ಇಲ್ಲ ಇಲ್ಲ, ನಿಲ್ಲಿಸೋದು ಬೇಡ, ಕೇಳಿಸ್ತಿದೆ ನಿಮ್ಮ ಮಾತು.

… ನಿಮ್ಮ ಹೆಂಡತಿ ಬಂದಿದ್ರಾ ಆ ಭಾಷಣಕ್ಕೆ? ಬಂದಿರಬಹುದು ಸರ್. ಎಪ್ಪತ್ತು ಜನ ಬಂದಿದ್ರು. ಕುರ್ಚಿ ಸಾಲದೆ ಮಕ್ಕಳ ವಿಭಾಗದಿಂದ ಪುಟ್ಟ ಪುಟ್ಟ ಕುರ್ಚಿ ತಂದು ಹಾಕಿದ್ರು, ಅದರ ಮೇಲೆ ದೊಡ್ಡೋರೆಲ್ಲ ಮಂಡಿ ಎದೆಗಿಟ್ಟು ಕೂತಿದ್ರು. ಒಬ್ಬೊಬ್ಬರ ಮುಖ ನೆನಪಿಟ್ಕೊಳ್ಳೋಕಾಗುತ್ತಾ?

… ಟೈಲರ್ ಅಂದ್ರೂ ಗೊತ್ತಾಗಲ್ಲ. … ಇಲ್ಲ ಸರ್, ನಿಜವಾಗ್ಲೂ ನೆನಪಿಲ್ಲ. ಈಗ ಹೇಗಿದ್ದಾರೆ ಅವರು? ಕೈ ಹೇಗಿದೆ?

… ಹಲೋ?

… ಕೈ ಅಂದೆನಾ ನಾನು?

… ನೀವೇ ಹೇಳಿದ್ರಲ್ಲ, ಕೈಗೆ ಏನೋ… ಹೇಳಲಿಲ್ವಾ. … ಹೌದು. ನೀವು ಹೇಳಲಿಲ್ಲ.

… ಮಷಿನ್ ಸದ್ದು ಬರ್ತಿದೆಯಲ್ಲ, ಅವರೇ ಅಲ್ವಾ ಹೊಲೀತಿರೋದು? ಅವರಿಗೇ ಕೊಡಿ ಸರ್ ಫೋನು. ಒಂದು ಸಲ ಕೊಡಿ, ನಾನು ಮಾತಾಡ್ತೀನಿ.

… ಮಗಳಾ.

… ಹಾಗಾದ್ರೆ ಅವರು?

… ಇರಿ. ಫೋನ್ ಇಡಬೇಡಿ. ಬಾಗಿಲು ಹಾಕಿ ಬರ್ತೀನಿ, ಇಡಬೇಡಿ… ಸಿಸ್ಟರ್, ಸ್ವಲ್ಪ ಹೊತ್ತು ಯಾರನ್ನೂ ಒಳಗೆ ಬಿಡಬೇಡಿ. … ಏನಾಗಿಲ್ಲ ನನಗೆ. ಬಿಡಬೇಡಿ, ಅಷ್ಟೇ.

… ಹಾಂ, ಇದ್ದೀನಿ. ಹೇಳಿ ಸರ್. ಪೂರ್ತಿ ಹೇಳಿ.

… ಶನಿವಾರ ಭಾಷಣ. ಅದಾಗಿ ಎರಡನೇ ಭಾನುವಾರ ತೀರಿಕೊಂಡ್ರು. … ಡಯಾಲಿಸಿಸ್ ಯಾವ ಯಾವ ದಿನ ಇತ್ತು ಅವರಿಗೆ? … ಸೋಮವಾರ, ಗುರುವಾರ. ಅಂದ್ರೆ ಗುರುವಾರ ಆದ ಮೇಲೆ ಮೂರು ದಿನ ರಕ್ತ ಶುದ್ಧ ಆಗಿಲ್ಲ. ಹಾಂ.

… ಕಾಲು ಭಾರ ಅಂದ್ರಾ. ಕತ್ತರಿ ಹಿಡಿಯೋಕೆ ಬೆರಳಲ್ಲಿ ಬಲ ಇಲ್ಲ ಅಂದ್ರಾ. … ನಿದ್ದೆ ಕಮ್ಮಿ ಆಗಿರಬೇಕು ಅಂದ್ಕೊಂಡ್ರಿ. ಯಾರಾದ್ರೂ ಹಾಗೇ ಅಂದ್ಕೊಳ್ತಾರೆ ಸರ್.

… ಮಷಿನ್ ಮೇಲೆ ತಲೆಯಿಟ್ಟು ಮಲಗಿದ್ದಾರೆ ಅಂತ… ನೀವು ಹೊದಿಕೆ ತಂದು ಹೊದಿಸಿದ್ರಿ.

… ನಿಧಾನ. ನನಗೇನೂ ಅವಸರ ಇಲ್ಲ.

… ದಿನಕ್ಕೆಷ್ಟು ತಿಂತಿದ್ರು? … ಒಂದು ಪೂರ್ತಿ ಹಣ್ಣು. ಕೆಲವು ದಿನ ಎರಡು. … ಸಕ್ಕರೆ ಹಾಕಿ, ಚಮಚದಲ್ಲಿ ಕೆರೆದು.

… ನೀವೇ ತರ್ತಿದ್ರಾ? ಬಸ್ ಓಡಿಸ್ತೀರಾ ನೀವು? … ಡಿಪೋ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ. ಯೂನಿಫಾರ್ಮಿನ ಎರಡೂ ಜೇಬಿಗೆ ಒಂದೊಂದು ಹಾಕ್ಕೊಂಡು ಬರ್ತಿದ್ರಿ. ಅವರೇ ಹೊಲಿದ ಜೇಬು, ಹಣ್ಣಿನ ಭಾರಕ್ಕೆ ಹರಿದುಹೋಯ್ತು, ಮತ್ತೆ ಹೊಲಿದುಕೊಟ್ರು… ಬಯ್ದ್ರಾ? … ನಕ್ರು. ಹೌದಾ.

… ಅದಕ್ಕೇ ಮಗಳು ನಿಮ್ಮ ಜೊತೆ ಮಾತು ಬಿಟ್ಟಳಾ? … ವರ್ಷದಿಂದ? ಒಂದೇ ಮನೇಲಿ ಇದ್ಕೊಂಡು? … ತಟ್ಟೆ ತಂದಿಟ್ಟು ಹೋಗ್ತಾಳೆ, ಅಷ್ಟೇನಾ. … 'ನೀನೇ ತಂದು ತಿನ್ನಿಸಿದೆ.' ಅದೇ ಕೊನೇ ಮಾತು.

… ಡಾಕ್ಟರು ಹೇಳಿದ ಮೇಲೇ ಗೊತ್ತಾಗಿದ್ದು ನಿಮಗೆ, ಹಣ್ಣಿನಿಂದ ಅಂತ. ಅಲ್ಲಿ ತನಕ ಗೊತ್ತಿರಲಿಲ್ಲ. ಅದು ನಿಮ್ಮ ತಪ್ಪಲ್ಲ ಸರ್. … ಇಲ್ಲ, ಸಮಾಧಾನಕ್ಕೆ ಹೇಳ್ತಿಲ್ಲ.

… ಏನು ಸಿಕ್ತು? … ಅಳತೆ ಬರೆದಿಡೋ ಪುಸ್ತಕದಲ್ಲಿ ಈ ಚೀಟಿ. ಯಾರದ್ದೋ ಹಳೇ ಅಳತೆ ಹುಡುಕೋವಾಗ. ಇವತ್ತು ಬೆಳಗ್ಗೆ. … ಹಿಂದೆ ಪೆನ್ಸಿಲಲ್ಲಿ ಬರೆದಿದೆಯಾ? ಓದಿ.

… ಇನ್ನೊಂದು ಸಲ ಓದಿ.

… 'ಕೇಳಿದೆ. ಪರವಾಗಿಲ್ಲ ಅಂದರು.'

… ಯಾರನ್ನ ಕೇಳಿದ್ದು ಅಂತ… ಅದು… ಡಯಾಲಿಸಿಸ್ ಸೆಂಟರಿನ ಡಾಕ್ಟರನ್ನೇ ಕೇಳಿರಬಹುದಲ್ಲ ಸರ್. … ಆಗಲೇ ನೀವೇ ಹೋಗಿ ವಿಚಾರಿಸಿ ಬಂದ್ರಾ. … ಅಲ್ಲಿ ಯಾರೂ ಹಾಗೆ ಹೇಳಿಲ್ಲ. ಅಲ್ಲಿನ ನರ್ಸ್ ಕೊಟ್ಟ ಪಟ್ಟೀಲಿ ಬಾಳೆಹಣ್ಣು, ಕಿತ್ತಳೆ, ಟೊಮೆಟೊ ಎಲ್ಲ ಇತ್ತು, ಬೆಣ್ಣೆಹಣ್ಣು ಇರಲಿಲ್ಲ. … ಹೌದು, ಅದು ಹಳೇ ಪಟ್ಟಿ ಇರಬೇಕು. ಅದಕ್ಕೇ ಅವರು ಕೇಳೋಕೆ ಬಂದಿದ್ದು.

… ಹಲೋ… ಇದ್ದೀನಿ, ಇದ್ದೀನಿ. ಒಂದು ಗುಟುಕು ನೀರು ಕುಡೀತೀನಿ.

… ನನ್ನನ್ನೇ ಕೇಳಿದ್ದು. ನೀವು ಅಂದ್ಕೊಂಡಿದ್ದು ಸರಿ. ನೆನಪಿಲ್ಲ ಅಂದೆನಲ್ಲ ಆಗ, ಅದು ಸುಳ್ಳು. ಕುತ್ತಿಗೆಗೆ ಅಳತೆ ಟೇಪು ಹಾಕ್ಕೊಂಡೇ ಬಂದಿದ್ರು, ತೆಗೆಯೋಕೆ ಮರೆತು. ಬಾಗಿಲ ಹತ್ತಿರ ಮೂರನೇ ಸಾಲಲ್ಲಿ ಕೂತಿದ್ರು. ಭಾಷಣ ಮುಗಿದ ಮೇಲೆ ಎಲ್ಲರೂ ಹೋಗೋ ತನಕ ಕಾದು ಮೇಜಿನ ಹತ್ತಿರ ಬಂದ್ರು. ನಾನು ವೈರು ಸುತ್ತಿ ಚೀಲಕ್ಕೆ ತುರುಕ್ತಿದ್ದೆ. ಕೆಳಗಡೆ ಆಟೋ ಕಾಯ್ತಿತ್ತು, ಅವನು ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ದ. 'ನನ್ನಂಥವರು ತಿನ್ನಬಹುದಾ ಮೇಡಂ' ಅಂತ ಕೇಳಿದ್ರು. ಬಾಯಿಬಿಟ್ಟು ಕಾಯಿಲೆ ಹೆಸರು ಹೇಳಲಿಲ್ಲ. ರವಿಕೆ ತೋಳು ಮೇಲೆ ಸರಿಸಿ ಕೈ ತೋರಿಸಿದ್ರು, ಅಷ್ಟೇ.

… ಗೊತ್ತಾಯ್ತು. ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿದ ಕೈ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ಹದಿನಾಲ್ಕು ವರ್ಷದಿಂದ ಇದೇ ಆಸ್ಪತ್ರೇಲಿ ಇದ್ದೀನಿ. ಚೀಟಿ ಕೊಡೋವಾಗ ನನ್ನ ಬೆರಳು ಆ ಉಬ್ಬಿದ ನರಕ್ಕೆ ತಾಗಿತು ಸರ್. ಒಳಗೆ ಗುಂಯ್ ಅಂತ ಹರೀತಿತ್ತು. ಕಣ್ಣು ಕಂಡಿತ್ತು, ಬೆರಳು ಮುಟ್ಟಿತ್ತು. ಬಾಯಿ ಮಾತ್ರ ಅವಸರದಲ್ಲಿ, 'ಏನಾಗಲ್ಲ, ಧಾರಾಳವಾಗಿ ತಿನ್ನಿ' ಅಂದುಬಿಡ್ತು. ಆಟೋದಲ್ಲಿ ಕೂತು ಎರಡು ಬೀದಿ ದಾಟಿರಬೇಕು, ಆಗ ನಾನು ಏನಂದೆ ಅನ್ನೋದು ಹೊಳೀತು. ವಾಪಸ್ ಹೋಗು ಅನ್ನಬಹುದಿತ್ತು. ಅನ್ನಲಿಲ್ಲ. ಅವರು ಡಾಕ್ಟರನ್ನ ಕೇಳೇ ಕೇಳ್ತಾರೆ ಅಂತ ನನಗೆ ನಾನೇ ಹೇಳ್ಕೊಂಡೆ.

… ಹೌದು, ಆ ಸಾಲು ಸೇರಿಸಿದ್ದು ಅದಕ್ಕೇ. ಶುಕ್ರವಾರ ಪ್ರೆಸ್ಸಿಗೆ ಕೊಟ್ಟೆ. … ಲೆಕ್ಕ ಹಾಕ್ಬೇಡಿ ಸರ್, ನಾನು ಹಾಕಾಯ್ತು ಈಗ. ಎರಡು ದಿನ ಮುಂಚೆ. ಅವರಿನ್ನೂ ಇದ್ರು. ಚೀಟಿ ತಿದ್ದಿದೆ, ಅವರನ್ನ ಹುಡುಕಲಿಲ್ಲ.

… ಆಮೇಲೆ ಹೋದೆ. ತಿಂಗಳಾದ ಮೇಲೆ ಹೋದ್ರೆ ಏನು ಬಂತು. ಲೈಬ್ರರಿಯವರನ್ನ ಕೇಳಿದೆ, ಟೇಪು ಹಾಕ್ಕೊಂಡು ಬರ್ತಾರಲ್ಲ, ಅವರು ಬರ್ತಾರಾ ಅಂತ. 'ಯಾಕೋ ಈಚೆಗೆ ಕಾಣಿಸ್ತಿಲ್ಲ' ಅಂದ್ರು. ಇನ್ನೊಂದು ಸಲ ಹೋದಾಗ ಒಳಗೆ ಕಾಲಿಡೋಕಾಗ್ದೆ ಮೆಟ್ಟಿಲಿಂದಲೇ ವಾಪಸ್ ಬಂದೆ. ಅವತ್ತಿಂದ ಬಸ್ಸಲ್ಲಿ ಯಾರಾದ್ರೂ ಅಂಗಿ ತೋಳು ಮಡಚಿದ್ರೆ ಮೊದಲು ಕೈ ನೋಡ್ತೀನಿ, ಆಮೇಲೆ ಮುಖ. ಊಟಕ್ಕೆ ಕೂತರೆ ಮೇಜಿನ ಆಚೆ ಆ ಕೈ ಇರುತ್ತೆ. ಸುಮ್ಮನೆ ಇರುತ್ತೆ, ಏನೂ ಕೇಳಲ್ಲ. ಈ ಬೆರಳಿನ ತುದೀಲಿ ಆ ಗುಂಯ್ ಅನ್ನೋದು ಇನ್ನೂ ಇದೆ. ನೀವು ಮಾತಾಡ್ತಿರೋವಾಗ್ಲೂ ಇದೆ.

… ಏನಾದ್ರೂ ಅನ್ನಿ ಸರ್. ಬಯ್ಯಿರಿ.

… ಏನಂದ್ರಿ? … ಅದೊಂದು ಬೇಡ ಅಣ್ಣ. ನನಗೆ ಥ್ಯಾಂಕ್ಸ್ ಹೇಳ್ಬೇಡಿ. ಬೇರೆ ಏನು ಬೇಕಾದ್ರೂ ಹೇಳಿ, ಆ ಮಾತು ಬೇಡ.

… ಹಾಂ. … ವರ್ಷವಿಡೀ ಸ್ಟಿಯರಿಂಗ್ ಹಿಡಿದಾಗೆಲ್ಲ ಕೈಯಲ್ಲಿ ಹಣ್ಣಿದ್ದ ಹಾಗೆ ಅನ್ನಿಸ್ತಿತ್ತಾ. … ಹುಂ. … ತಂದಿದ್ದು ನೀವೇ ಇರಬಹುದು. ತಿನ್ನಿ ಅಂದಿದ್ದು ನಾನು. ನಾನು ಬೇಡ ಅಂದಿದ್ರೆ ಅವರು ಮುಟ್ತಿರಲಿಲ್ಲ. ಕೇಳಿ ತಿನ್ನೋ ಜೀವ ಅದು.

… ಬರೆದುಕೊಡ್ತೀನಿ. ಇವತ್ತೇ, ಸಹಿ ಹಾಕಿ, ನಮ್ಮ ಮೇಲಿನವರ ಮುಂದೇನೇ. ಅವರು ಏನು ಮಾಡ್ತಾರೋ ಮಾಡ್ಲಿ. … ಅದು ಬೇಡವಾ? ಮತ್ತೆ?

… ಮಗಳಿಗೆ ಹೇಳ್ಬೇಕು. ಹಾಂ. ಹೇಳ್ತೀನಿ ಅಣ್ಣ. ಆದ್ರೆ ನನ್ನ ಜೊತೆ ಮಾತಾಡ್ತಾಳಾ? … ಮಷಿನ್ ಸದ್ದು ನಿಂತಿದೆಯಲ್ಲ. ಯಾವಾಗ ನಿಂತಿತು?

… ಪಕ್ಕದಲ್ಲೇ ಬಂದು ನಿಂತಿದ್ದಾಳಾ. ಕೊಡಿ.

… ಹಲೋ… ಹೇಳಮ್ಮ. … ಹೌದು, ನಾನೇ ಆ ಡಯಟ್ ಮೇಡಂ. … ಕೇಳಿಸ್ಕೊಂಡೆಯಾ ಎಲ್ಲ? … ಅರ್ಧ ಕೇಳಿಸ್ಕೊಂಡೆಯಾ. ಮತ್ತೆ ಹೇಳ್ತೀನಿ. ನಿಮ್ಮಮ್ಮ ಬಂದು ಕೈ ತೋರಿಸಿ ಕೇಳಿದ್ರು, ನಾನು ತಿನ್ನಿ ಅಂದೆ. ಗೊತ್ತಿದ್ದೂ ಅಂದೆ. ನಿಮ್ಮಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ.

… ಒಂದೇ ಸಲ ಕೇಳಿದ್ರಾ ಅಂತನಾ?

… ಯಾಕಮ್ಮ ಹಾಗೆ ಕೇಳ್ತೀಯ? … ಅವರು ಯಾವುದನ್ನೂ ಒಂದೇ ಸಲ ಕೇಳ್ತಿರಲಿಲ್ಲ. ಅಳತೆ ತಗೊಂಡ್ರೂ ಎರಡು ಸಲ. … ಹೌದು.

… ಎರಡು ಸಲ ಕೇಳಿದ್ರು. ಅಪ್ಪನ ಹತ್ತಿರ ಇದನ್ನ ಹೇಳಲಿಲ್ಲ ನಾನು, ಬಾಯಿ ಬರಲಿಲ್ಲ. ನಾನು ಚೀಲ ಹೊತ್ಕೊಂಡು ಮೆಟ್ಟಿಲು ಇಳೀತಿದ್ದೆ. ಹಿಂದೆಯೇ ಬಂದ್ರು. 'ಮನೇಲಿ ಮಗಳು ಬಯ್ತಾಳೆ ಮೇಡಂ, ಇನ್ನೊಂದು ಸಲ ಹೇಳಿಬಿಡಿ, ನಿಮ್ಮ ಹೆಸರಲ್ಲೇ ಅವಳ ಬಾಯಿ ಮುಚ್ಚಿಸ್ತೀನಿ' ಅಂದ್ರು. ನಗ್ತಾ ಅಂದ್ರು. ನಾನು ತಿರುಗಿ ಕೂಡ ನೋಡಲಿಲ್ಲ. 'ಹೇಳಿದೆನಲ್ಲಮ್ಮ' ಅಂದೆ.

… ಅಷ್ಟೇ. ಅಷ್ಟೇ ಅಂದಿದ್ದು.

… ನೀನು ಕೇಳಿದ್ದೆಯಾ ಅವರನ್ನ? … 'ಡಾಕ್ಟರನ್ನ ಕೇಳಿದೆಯಾ' ಅಂದೆ, 'ಕೇಳಿದೆ' ಅಂದ್ರು. ನೀನೂ ನಂಬಿದೆ. … ಇಲ್ಲಮ್ಮ, ಅವರು ಸುಳ್ಳು ಹೇಳಲಿಲ್ಲ. ಅವರ ಪಾಲಿಗೆ ನಾನೂ ಡಾಕ್ಟರೇ. … ಹಾಗಾದ್ರೆ ನಿನಗೂ ಗೊತ್ತಿತ್ತು ತಿಂತಿದ್ದಾರೆ ಅಂತ. ನೀನೂ ಸುಮ್ಮನಿದ್ದೆ. ಅದನ್ನ ಅಪ್ಪನ ಮೇಲೆ ಹಾಕಿ…

… ಇಲ್ಲ, ತಪ್ಪು ಹುಡುಕ್ತಿಲ್ಲ ನಾನು. ನನಗೆ ಆ ಅಧಿಕಾರ ಎಲ್ಲಿದೆ. … ಅಳು. ಅತ್ತುಬಿಡು. ನಾನು ಫೋನ್ ಇಡಲ್ಲ.

… ಅಪ್ಪ ಎಲ್ಲಿದ್ದಾರೆ ಈಗ? … ಬಾಗಿಲ ಆಚೆ ನಿಂತಿದ್ದಾರಾ. ಒಳಗೆ ಬರೋಕೆ ಹೆದರ್ತಿದ್ದಾರಾ.

… ಏನಮ್ಮ? ಕೇಳಿಸಲಿಲ್ಲ, ನನಗಾ ಹೇಳಿದ್ದು? … ಓ. ಅವರಿಗೆ.

… ಕೇಳಿಸ್ತು. ಇನ್ನೊಂದು ಸಲ ಕರಿ, ಅವರಿಗೆ ಕೇಳಿಸಿಲ್ಲ ಅನ್ಸುತ್ತೆ. ಜೋರಾಗಿ…

… ಹಲೋ? … ಫೋನ್ ಕೆಳಗಿಟ್ಟೆಯಾ? ಇಡು, ಪರವಾ… ಇಡು ಮಗು. ಹೋಗು. ನಾನು ಇಲ್ಲೇ… ಹಲೋ… ಹಲೋ, ನಾನಿನ್ನೂ ಇಲ್ಲೇ ಇದ್ದೀ…