ಮಾರಿ ಮುಟ್ಟುವ ಕತೆ

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಹಾಸ್ಟೆಲ್ ಗ್ರಂಥಾಲಯದ ಕಾದಂಬರಿ ಓದುತ್ತ ಕೂತಿದ್ದ ಭುವನೇಶ್ವರಿಯ ಕಿವಿಗೆ ಪಕ್ಕದವರ ಮಾತು ಬಿತ್ತು. ಬಿಳಿ ಕೋಲು ಹಿಡಿದ ಮುಕ್ತಿಯಾರ್ ಮತ್ತು ಅವನ ಅಕ್ಕ ಮೆಹನಾಜ್ ಹೆಣ್ಣು ನೋಡಿಕೊಂಡು ಮಸ್ಕಿಗೆ ಮರಳುತ್ತಿದ್ದರು. ಮೆಹನಾಜ್ ಆಗಷ್ಟೇ ಫೋನ್ ಇಟ್ಟಿದ್ದಳು.

“ಹುಡುಗಿ ಒಲ್ಲೆ ಅಂದಾಳ. ನಿನಗ ಮನಸ್ಸೇ ಇಲ್ಲಂತ.”

“ನಾ ಏನು ಮಾಡಿದೆ, ಆಪಾ?”

“ಏನೂ ಮಾಡಲಿಲ್ಲ, ಅದೇ ತಪ್ಪು. ಆಕಿ ಕತಿ ಪುಸ್ತಕ ಓದಾಕಿ. ಕಣ್ಣಿಲ್ಲದವರು ಮಾರಿ ಮುಟ್ಟಿ ಗುರುತು ಹಿಡೀತಾರಂತ ಅದರಾಗ ಬರದಾರ. ನೀ ಮುಟ್ಟತೀ ಅಂತ ಕಾದಾಳ.”

ಭುವನೇಶ್ವರಿ ಹಾಳೆ ಮಗುಚುವುದನ್ನು ನಿಲ್ಲಿಸಿದಳು; ಮುಖ ಮುಟ್ಟಿ ಗುರುತಿಸುವುದನ್ನು ಅವಳೂ ಕತೆಗಳಲ್ಲಿ ಓದಿದ್ದಳು.

“ಅವರಪ್ಪ ಬಾಜೂಕ ಕುಂತಿದ್ದ. ಮುಟ್ಟಿದ್ರ ಕೈ ಮುರೀತಿದ್ದ.”

“ನಗಬ್ಯಾಡ.”

“ನಿನ್ನ ಮಾರೀನೂ ನಾ ಮುಟ್ಟಿಲ್ಲ. ಬಾಗಿಲದಾಗ ನೀ ಕೆಮ್ಮಿದ್ರ ಗೊತ್ತಾಗತೈತಿ.”

“ಆಕಿಗೇನು ಗೊತ್ತು?”

“ಆಕಿ ಒಂದು ಮಾತರೆ ಆಡಬೇಕಿತ್ತು.”

“ಹುಡುಗಿಗೆ ಷರಮ್, ನಾಚಿಕಿ ಇರತೈತಿ.”

ಮಸ್ಕಿ ಬಸ್ಸು ಬಂತು. ಮುಕ್ತಿಯಾರ್ ಅಕ್ಕನ ಮೊಣಕೈ ಹಿಡಿದು ಎದ್ದ.

“ಆಪಾ, ಚಾ ತಂದಿಟ್ಟಾಕಿ ಆಕಿನೇ ಏನು?”

“ಹೂಂ. ಆಮ್ಯಾಲೆ ನಾವು ಏಳೋತನಕ ನಿನ್ನ ಎದುರಿಗೇ ಕುಂತಿದ್ಲು.”

“ನಾನು ಹುಡುಗಿ ಯಾವಾಗ ಬರತಾಳ ಅಂತ ಕಾಯಾಕತ್ತಿದ್ದೆ,” ಎಂದು ಮುಕ್ತಿಯಾರ್ ಮೆಟ್ಟಿಲು ಹತ್ತಿದ.