ಹೊನ್ನಿ ಸತ್ತಳೋ, ಬದುಕಿದಳೋ

ದೂರ ಕೂತವರು ಹತ್ತಿರ ಬನ್ನಿ, ನಿದ್ದೆ ಬಂದವರು ಗೋಡೆಗೆ ಒರಗಿ. ಯಾವ ಕಾಲವೋ, ಯಾವ ಸೀಮೆಯೋ, ಅಲ್ಲಿಯ ಜನಕ್ಕೆ ವಿಡಿಯೋ ಗೇಮ್ ಅಂದರೆ ಪ್ರಾಣ. ಅದರಲ್ಲೂ ‘ಏಳು ಹೊಳೆ’ ಅನ್ನುವ ಆಟ. ಒಂದು ಬಂತು, ಎರಡು ಬಂತು, ಮೂರೂ ಬಂತು.

ಆ ಆಟದಲ್ಲಿ ದೋಣಿ ನಡೆಸುವ ಹೊನ್ನಿ ಅಂತ ಒಬ್ಬಳು. ಅವಳಿಗೆ ದನಿ ಕೊಟ್ಟವಳು ದ್ಯಾಮವ್ವ. ಮೂರನೇ ಆಟದ ಕೊನೆಗೆ ದೋಣಿ ಮಗುಚಿತು, ಹೊನ್ನಿ ಮುಳುಗಿದಳು. ಸತ್ತಳೋ, ಬದುಕಿದಳೋ? ಆಟದ ಮೇಲೆ ಸಿನಿಮಾ ತೆಗೆದವರು ಸತ್ತಳು ಅಂದರು. ಆಟದ ಕಾಮಿಕ್ಸ್ ಪುಸ್ತಕ ಬರೆದವರು ಬದುಕಿದಳು, ರಾಜನನ್ನೇ ಮದುವೆಯಾದಳು ಅಂದರು. ಆಡುವವರು ಸಂತೆಯಲ್ಲಿ ಜಗಳಾಡಿ ಅಂಗಿ ಹರಿದುಕೊಂಡರು.

ನಾಲ್ಕನೇ ಆಟ ಕಟ್ಟಬೇಕು. ಯಾರ ಮಾತು ಹಿಡಿಯೋದು? ಹಿಂದಿನ ಮೂರು ಕಟ್ಟಿದವರು ಬಿಟ್ಟುಹೋಗಿ ಕಾಲವಾಗಿತ್ತು; ಈಗ ಆಟ ಕಟ್ಟುವವರ ಹಿರಿಯ ಗುರುಪಾದಪ್ಪ ಸಭೆ ಸೇರಿಸಿದ.

“ಸಿನಿಮಾ ಬ್ಯಾಡ, ಪುಸ್ತಕ ಬ್ಯಾಡ, ಬಾಯಿಮಾತು ಬ್ಯಾಡ. ಆಟದಾಗ ಕಂಡಿದ್ದಷ್ಟ ಖರೆ. ಹೊನ್ನಿ ಮುಳುಗ್ಯಾಳ, ಮುಗೀತು.”

ದ್ಯಾಮವ್ವ ಎದ್ದಳು. ಹೊನ್ನಿ ಹೋದರೆ ಅವಳ ದನಿಯೂ ಹೋದಂತೆ. ಈ ವಯಸ್ಸಲ್ಲಿ ಇನ್ಯಾರು ಕರೆದಾರು?

“ಯಪ್ಪಾ, ನಿನ್ನ ಮಾತು ಒಪ್ಪೇನಿ. ಆಟದಾಗ ಆಕಿ ಹೆಣ ಕಂಡೀಯೇನು?”

“ಇಲ್ಲ.”

“ಹಂಗಾರ ತಡಿ. ನಾ ಆಡಿ ನೋಡತೀನಿ.”

“ಯವ್ವಾ, ನಿನಗ ಗುಂಡಿ ಒತ್ತಾಕ ಬರತೈತೇನು?” ಸಭೆಯೆಲ್ಲ ನಕ್ಕಿತು.

“ನೀವೇನು ತೊಟ್ಟಿಲದಾಗ ಕಲತ್ರಿ?”

ಮೂರನೇ ಆಟ ಹಚ್ಚಿ ಕೂತಳು. ಮೊದಲ ಸಲ ಮೊಸಳೆ ನುಂಗಿತು. ಎರಡನೇ ಸಲ ಸುಳಿ ಎಳೆಯಿತು. ಕೈಬಿಟ್ಟಳೇ? ಇಲ್ಲ. ಮೂರನೇ ಸಲ ಕೊನೆ ಮುಟ್ಟಿದಳು. ದೋಣಿ ಮಗುಚಿತು. ಪರದೆ ಕಪ್ಪಾಯಿತು. ಆಟಕ್ಕೆ ದುಡಿದವರ ಹೆಸರು ಒಂದೊಂದೇ ಮೇಲೇರತೊಡಗಿತು.

ಈಗ ಕೇಳಿ. ಹೆಸರು ಬಂದ ಕೂಡಲೇ ಗುಂಡಿ ಒತ್ತಿ ದಾಟಿಸುವುದು ಆ ಸೀಮೆಯ ರೂಢಿ. ಯಾರದೋ ಹೆಸರು, ಓದೋರ್ಯಾರು?

“ಒತ್ತಬೇ, ಊಟದ ಹೊತ್ತಾತು!” ಅಂತ ಕೂಗಿದರು.

“ನೀವು ಹೋಗಿ ಉಣ್ಣರಿ. ಇದರಾಗ ನನ್ನ ಹೆಸರೈತಿ. ನೋಡದ ಏಳಂಗಿಲ್ಲ.”

ಅವಳ ಹೆಸರು ಎಲ್ಲರಿಗಿಂತ ಕೊನೆಗೆ ಬಂತು. ಅದು ದಾಟಿತು ನೋಡಿ, ಪರದೆಯ ಮೇಲೆ ಮತ್ತೆ ಹೊಳೆ! ನೀರೊಳಗಿಂದ ಒಂದು ಕೈ ಮೇಲೆ ಬಂತು, ದಡದ ಹುಲ್ಲು ಹಿಡಿಯಿತು. ಇನ್ನೊಂದು ಕೈಯಲ್ಲಿ ದೋಣಿಯ ಹುಟ್ಟು. ಅಷ್ಟೇ. ಆಟ ಮುಗಿಯಿತು.

ಗುರುಪಾದಪ್ಪ ಗಡ್ಡ ತುರಿಸಿದ. “ಕೈಯೇನೋ ಐತಿ. ಯಾರ ಕೈ? ಬಾಯಿ ಬಿಟ್ಟು ಹೇಳಲಿಲ್ಲಲ್ಲ?”

“ಹುಟ್ಟು ಹಿಡಿಯೋ ಬ್ಯಾರೆ ಹೆಣ್ಮಗಳು ನಿನ್ನ ಆಟದಾಗ ಅದಾಳೇನು?”

“ಇಲ್ಲ.”

“ಹಂಗಾರ ಮೈಕ್ ತರಸು. ಮುಂದಿನ ಮಾತು ನಾ ಆಡತೀನಿ.”

ನಾಲ್ಕನೇ ಆಟ ಅವಳ ದನಿಯಿಂದಲೇ ಶುರುವಾಯಿತು. ಅವರು ದೋಣಿ ಹತ್ತಿ ಹೋದರು, ನಾವು ಚಾಪೆ ಸುತ್ತಿ ಏಳೋಣ.