ಮನೆಯಿಂದಲೇ ತೆಗೆದ ಡ್ರೈವರ್

ಜೆಕ್ ದೇಶದ ಬ್ರನೋ ನಗರದ ಬೆಳಗಿನ ಟ್ರಾಮಿನಲ್ಲಿ ಮಿಲಾದಾ ಅಜ್ಜಿಯ ಎದುರು ಒಬ್ಬ ಹುಡುಗ, ಒಬ್ಬ ನಡುವಯಸ್ಸಿನ ಹೆಂಗಸು ಕುಳಿತಿದ್ದರು. ಹುಡುಗನ ಮುಖ ಬಾಡಿತ್ತು.

"ಥಿಯೇಟರಿನ ಲಿನಕ್ಸ್ ಕಂಪ್ಯೂಟರಿಗೆ ನೆಟ್‌ವರ್ಕ್ ಕಾರ್ಡ್ ಪದೇಪದೇ ಕೈ ಕೊಡ್ತಿತ್ತು, ವ್ಲಾಸ್ತಾ ಮೇಡಂ. ಅದನ್ನ ನಡೆಸೋ ಹಳೇ ಡ್ರೈವರ್ ಸಾಫ್ಟ್‌ವೇರ್ ತೆಗೆದು ಹೊಸದು ಹಾಕೋಣ ಅಂತ..."

"ಎಲ್ಲಿ ಕೂತು ತೆಗೆದೆ, ರಾದಿಮ್?"

"ಮನೇಲಿ, ಇಂಟರ್ನೆಟ್ಟಲ್ಲಿ ಆ ಕಂಪ್ಯೂಟರಿಗೆ ಸೇರ್ಕೊಂಡು."

"ಅದೇ ಕಾರ್ಡಿನ ಮೂಲಕ?"

"ಹೂಂ. ತೆಗೆದ ಕೂಡಲೇ ಲೈನ್ ಕಟ್ಟಾಯ್ತು."

"ಕೂತ ಕೊಂಬೇನೇ ಕಡಿದೆಯಲ್ಲೋ ಮಾರಾಯ!"

ಅಜ್ಜಿ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದಳು.

"ಹತ್ತಕ್ಕೆ ಆ ಕಂಪ್ಯೂಟರಿಂದಲೇ ಬೊಂಬೆಯಾಟದ ಟಿಕೆಟ್ ಕೊಡ್ಬೇಕು, ಮಕ್ಕಳು ಸಾಲು ನಿಂತಿರ್ತಾರೆ. ನನ್ನ ಕೆಲಸದಿಂದ ತೆಗೀತಾರಾ?"

"ತೆಗೆಯೋಳು ನಾನೇ ಅಲ್ವೇನೋ? ನಾನು ಇದನ್ನೇ ಎರಡು ಸಲ ಮಾಡಿದ್ದೀನಿ. ಎರಡನೇ ಸಲ ಅದನ್ನ ಸರಿಮಾಡೋಕೆ ಥಿಯೇಟರಿಗೆ ಹಿಮದಲ್ಲಿ ನಡ್ಕೊಂಡೇ ಹೋಗಿದ್ದೆ. ಏಳು, ಸ್ಟಾಪ್ ಬಂತು."

ಹುಡುಗ ನಗುತ್ತಲೇ ಅವಳ ಹಿಂದೆ ಇಳಿದು ಓಡಿದ.